ಬೇಲಿ ಕಟ್ಟಿತು, ಲೆಕ್ಕ ಬಾಕಿ: ನನ್-ಲೂಗರ್ ಯೋಜನೆಯ ಮೌಲ್ಯಮಾಪನ

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದರ ಅಣ್ವಸ್ತ್ರಗಳು ರಷ್ಯ, ಉಕ್ರೇನ್, ಬೆಲಾರುಸ್, ಕಜಾಕಸ್ತಾನಗಳ ನೆಲದಲ್ಲಿ ಚದುರಿ ಉಳಿದವು. ಅವನ್ನು ಕಳಚಲು ಮತ್ತು ಬಾಂಬಿಗೆ ಒದಗುವ ಯುರೇನಿಯಂ, ಪ್ಲುಟೋನಿಯಂಗಳನ್ನು ಕಾಪಾಡಲು ಅಮೆರಿಕವೇ ಹಣ ಕೊಡಬೇಕೆಂಬ ಕಾಯ್ದೆಯನ್ನು ಸೆನೆಟರ್‌ಗಳಾದ ಸ್ಯಾಮ್ ನನ್ ಮತ್ತು ರಿಚರ್ಡ್ ಲೂಗರ್ ಅದೇ ವರ್ಷ ತಂದರು. ನಿನ್ನೆಯ ವೈರಿಯ ಉಗ್ರಾಣಕ್ಕೆ ಬೀಗ ಹಾಕಿಸಿಕೊಡುವ ಇಂಥ ವಿವೇಕ ರಾಜಕಾರಣದಲ್ಲಿ ಬಹಳ ಅಪರೂಪ.

ಸೋವಿಯತ್ ಕಾಲದಲ್ಲಿ ಭದ್ರತೆ ಎಂದರೆ ಮನುಷ್ಯರ ಮೇಲಿನ ಕಾವಲು. ಊರುಗಳನ್ನೇ ಮುಚ್ಚಿಟ್ಟಿದ್ದರಿಂದ ವಸ್ತುವನ್ನು ಗ್ರಾಂ ಗ್ರಾಂ ತೂಗಿ ಬರೆದಿಡುವ ಶಿಸ್ತು ಸಡಿಲವಾಗಿತ್ತು. ಇದರ ಅಪಾಯ 1992ರಲ್ಲೇ ಕಂಡಿತು. ಮಾಸ್ಕೋ ಸಮೀಪದ ಪೊದೋಲ್ಸ್ಕ್‌ನ ಸಂಸ್ಥೆಯೊಂದರ ನೌಕರ ತಿಂಗಳುಗಟ್ಟಲೆ ಚೂರುಚೂರಾಗಿ ಸುಮಾರು ಒಂದೂವರೆ ಕಿಲೋ ಸಂವರ್ಧಿತ ಯುರೇನಿಯಂ ಸಾಗಿಸಿದ. ಸಂಸ್ಕರಣೆಯಲ್ಲಿ ಇಷ್ಟು ನಷ್ಟವಾಗುವುದು ಸಹಜ ಎಂದು ಲೆಕ್ಕದ ಪುಸ್ತಕವೇ ಒಪ್ಪಿದ್ದ ಮಿತಿಯೊಳಗೆ ಆ ಕಳವು ಅಡಗಿತ್ತು. ಅವನು ಸಿಕ್ಕಿಬಿದ್ದದ್ದು ಆಕಸ್ಮಿಕವಾಗಿ.

ನನ್-ಲೂಗರ್ ಯೋಜನೆ ಪೂರ್ಣವಾಗಿ ಗೆದ್ದದ್ದು ವಸ್ತುವನ್ನೇ ಸ್ಥಳದಿಂದ ತೆಗೆದ ಅಥವಾ ರೂಪಾಂತರಿಸಿದ ಕಡೆ. 1994ರಲ್ಲಿ ಕಜಾಕಸ್ತಾನದ ಉಲ್ಬಾ ಕಾರ್ಖಾನೆಯಿಂದ ಸುಮಾರು 600 ಕಿಲೋ ಉನ್ನತ ಸಂವರ್ಧಿತ ಯುರೇನಿಯಂ ಗುಟ್ಟಾಗಿ ವಿಮಾನವೇರಿ ಅಮೆರಿಕದ ಓಕ್ ರಿಜ್ ಸೇರಿತು. ಇದೇ ಹಾದಿಯ ಪ್ರತ್ಯೇಕ ಒಪ್ಪಂದವೊಂದರಡಿ, 1993ರಿಂದ 2013ರವರೆಗೆ, ರಷ್ಯದ 500 ಟನ್ ಬಾಂಬ್ ಯುರೇನಿಯಂ ದುರ್ಬಲಗೊಂಡು ಅಮೆರಿಕದ ವಿದ್ಯುತ್ ಸ್ಥಾವರಗಳಲ್ಲಿ ಉರಿಯಿತು. ಈ ಎರಡರಲ್ಲೂ ಒಯ್ದದ್ದೆಷ್ಟು, ಕರಗಿದ್ದೆಷ್ಟು ಎಂಬುದಕ್ಕೆ ಅಳೆದ ಉತ್ತರವಿದೆ.

ವಸ್ತು ಇದ್ದಲ್ಲೇ ಉಳಿದಾಗ ಕಥೆ ಬೇರೆ. ರಷ್ಯದ ಮಾಯಾಕ್ ಅಣು ಕೇಂದ್ರದಲ್ಲಿ ಅಮೆರಿಕದ ನೆರವಿನಿಂದ ಪ್ಲುಟೋನಿಯಂ ಉಗ್ರಾಣವೊಂದು 2003ರಲ್ಲಿ ಸಿದ್ಧವಾಯಿತು. ಗೋಡೆ, ಕದ, ಅಲಾರಂ ಎಲ್ಲವೂ ಉತ್ತಮ. ಆದರೆ ಒಳಗಿಟ್ಟದ್ದು ನಿಜಕ್ಕೂ ಸಿಡಿತಲೆಗಳಿಂದ ಬಂದದ್ದೇ, ಎಷ್ಟಿದೆ ಎಂದು ಪರಿಶೀಲಿಸಲು ಬೇಕಾದ ಪಾರದರ್ಶಕತೆಯ ಒಪ್ಪಂದ ಕೊನೆಗೂ ಆಗಲಿಲ್ಲ. ಕಟ್ಟಡಕ್ಕೆ ಹಣ ಕೊಟ್ಟವರು ಈ ಷರತ್ತನ್ನು ಕೆಲಸ ಆರಂಭವಾಗುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಿತ್ತು. ಕಟ್ಟಿ ಮುಗಿದ ಮೇಲೆ ಚೌಕಾಸಿ ಮಾಡಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಕಜಾಕಸ್ತಾನದ ಸೆಮಿಪಲಾಟಿನ್‌ಸ್ಕ್ ಅಣುಪರೀಕ್ಷಾ ನೆಲದ ದೆಗೆಲೆನ್ ಬೆಟ್ಟದಲ್ಲಿ ಅಮೆರಿಕ, ರಷ್ಯ, ಕಜಾಕಸ್ತಾನಗಳ ವಿಜ್ಞಾನಿಗಳು ಪರಸ್ಪರ ನಂಬಿಕೆಯ ಮೇಲೆ, ಪ್ಲುಟೋನಿಯಂ ಉಳಿದಿದ್ದ ಸುರಂಗಗಳನ್ನು ಕಾಂಕ್ರೀಟಿನಿಂದ ಮುಚ್ಚಿ, 2012ರಲ್ಲಿ ಕೆಲಸ ಮುಗಿಸಿದರು. ಗುಜರಿ ಲೋಹಕ್ಕಾಗಿ ಅಲ್ಲಿ ಅಗೆಯುತ್ತಿದ್ದವರಿಂದ ಅಪಾಯವಿದ್ದುದರಿಂದ ಅದು ತುರ್ತಿನ, ಶ್ಲಾಘನೀಯ ಕೆಲಸ. ಆದರೂ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ಅದರಲ್ಲಿ ಔಪಚಾರಿಕ ಪಾತ್ರವಿರಲಿಲ್ಲ. ಮೂರನೆಯವರು ಓದಿ ತಾಳೆ ನೋಡಬಲ್ಲ ಲೆಕ್ಕವಿಲ್ಲದೆ ಹೋದುದು ದೊಡ್ಡ ಕೊರತೆ.

ಎಲ್ಲಕ್ಕೂ ಆಧಾರ ಅಮೆರಿಕ ಮತ್ತು ರಷ್ಯ ಸರ್ಕಾರಗಳ ಸೌಹಾರ್ದವಾಗಿತ್ತು. ರಷ್ಯ ಕ್ರಿಮಿಯವನ್ನು ವಶಪಡಿಸಿಕೊಂಡ ನಂತರ ಅದು ಉಳಿಯಲಿಲ್ಲ. ತನ್ನ ನೆಲದಲ್ಲಿನ ಭದ್ರತಾ ಸಹಕಾರದ ಬಹುಭಾಗವನ್ನು 2014ರ ಕೊನೆಗೆ ರಷ್ಯ ನಿಲ್ಲಿಸಿತು, 2016ರ ಅಣು ಭದ್ರತಾ ಶೃಂಗಸಭೆಗೂ ಬರಲಿಲ್ಲ. ಬದಲಿಯಾಗಬಹುದಾದ ಕಾನೂನೂ ಅರೆಬರೆ. ಅಣು ವಸ್ತುಗಳ ಭೌತಿಕ ರಕ್ಷಣೆಯ ಒಡಂಬಡಿಕೆಗೆ 2005ರಲ್ಲಿ ಒಪ್ಪಿದ ತಿದ್ದುಪಡಿ 2016ರಲ್ಲಿ ಜಾರಿಗೆ ಬಂದರೂ ಶಾಂತಿಯುತ ಬಳಕೆಯ ವಸ್ತುಗಳಿಗಷ್ಟೇ ಅನ್ವಯಿಸುತ್ತದೆ. ಬಾಂಬಿಗೆ ಒದಗುವ ವಸ್ತುವಿನ ಬಹುಪಾಲು ಇರುವುದು ಸೇನೆಗಳ ವಶದಲ್ಲಿ, ಅದರ ಲೆಕ್ಕ ಕೇಳುವ ಅಧಿಕಾರ ಯಾವ ಅಂತಾರಾಷ್ಟ್ರೀಯ ಸಂಸ್ಥೆಗೂ ಇಲ್ಲ.