ಸ್ಪೀಕರಿನ ಬೆನ್ನು ನೋಡಿ ಕೊಳ್ಳಿ

ಮಳೆಗಾಲ ಕಳೆದು ಹೊನ್ನಾವರದ ಶರಾವತಿ ಅಳಿವೆಯಲ್ಲಿ, ಉಡುಪಿ ಕಡೆಯ ಕೋಡಿಬೆಂಗ್ರೆಯಲ್ಲಿ ವಿಹಾರದ ದೋಣಿಗಳು ಮತ್ತೆ ಹೊರಡುವ ಹೊತ್ತಿಗೆ ಕರಾವಳಿಯ ಆಡಿಯೊ ಅಂಗಡಿಗಳಲ್ಲಿ ಕೇಳಿಬರುವ ದೂರು ಒಂದೇ: ಹೋದ ವರ್ಷ ಹಾಕಿಸಿದ ಸ್ಪೀಕರ್ ಕರಕರ ಅನ್ನುತ್ತಿದೆ. ಅಂಗಡಿಯವರ ಉತ್ತರವೂ ಒಂದೇ. “ಇದು ವಾಟರ್‌ಪ್ರೂಫ್ ಮಾರಾಯ್ರೆ, ಬೇಕಾದ್ರೆ ನೀರಿಗೇ ಹಾಕಿ ನೋಡಿ.”

ಅವರು ಸುಳ್ಳು ಹೇಳುತ್ತಿಲ್ಲ. ಪೆಟ್ಟಿಗೆಯ ಮೇಲೆ ಐಪಿ67 ಎಂದಿದ್ದರೆ ಆ ಸ್ಪೀಕರ್ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದು ಬದುಕಿ ಬಂದಿದೆ ಎಂದರ್ಥ. ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪಿನ ಬಗ್ಗೆಯಾಗಲಿ ಬಿಸಿಲಿನ ಬಗ್ಗೆಯಾಗಲಿ ಐಪಿ ಅಂಕೆ ಏನನ್ನೂ ಹೇಳುವುದಿಲ್ಲ. ಇನ್ನೊಂದು ಸೂಕ್ಷ್ಮ: ಮುಳುಗಿ ಬದುಕಿದ ವಸ್ತು ರಭಸದ ನೀರನ್ನೂ ತಡೆಯುತ್ತದೆ ಎಂದೇನಿಲ್ಲ. ಕೊನೆಯಂಕೆ 7 ಇದ್ದರೆ ಮುಳುಗುವ ಪರೀಕ್ಷೆ, 5 ಅಥವಾ 6 ಇದ್ದರೆ ನೀರಿನ ಧಾರೆಯ ಪರೀಕ್ಷೆ. ಎರಡೂ ಬೇರೆ ಬೇರೆ. ಸಂಜೆ ದೋಣಿಯನ್ನು ಪ್ರೆಷರ್ ಪೈಪಿನಲ್ಲಿ ತೊಳೆಯುವವರು ಧಾರೆಯ ಅಂಕೆಯನ್ನೂ ಕೇಳಬೇಕು. ಉಪ್ಪಿಗೆ ಎಎಸ್‌ಟಿಎಂ ಬಿ117 ಎಂಬ ಪ್ರತ್ಯೇಕ ಪರೀಕ್ಷೆಯಿದೆ. ಶೇ 5ರ ಉಪ್ಪುನೀರನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಜಿನಂತೆ ಸಿಂಪಡಿಸುತ್ತಲೇ ಇರುತ್ತಾರೆ. ನನ್ನ ಕಣ್ಣು ಮೊದಲು ಹುಡುಕುವುದು ಈ ಹೆಸರನ್ನು. ವ್ಯಾಟ್ ಸಂಖ್ಯೆ ಆಮೇಲೆ.

ಗಿರಾಕಿಗಳು ನೋಡುವುದು ಮಾತ್ರ ಮುಖವನ್ನು: ಹೊಳೆಯುವ ಗ್ರಿಲ್, ಬಣ್ಣ ಬದಲಿಸುವ ಎಲ್‌ಇಡಿ ಬಳೆ. ರೋಗ ಶುರುವಾಗುವುದು ಬೆನ್ನಿನಿಂದ. ಸಾಮಾನ್ಯ ಫೆರೈಟ್ ಮ್ಯಾಗ್ನೆಟ್‌ಗೆ ತುಕ್ಕಿನ ಭಯವಿಲ್ಲ, ಅದಾಗಲೇ ಆಕ್ಸೈಡ್. ಅದರ ಮೇಲೆ ಕೆಳಗೆ ಇರುವ ಕಬ್ಬಿಣದ ತಟ್ಟೆಗಳಿಗೆ ಇದೆ. ವಾಯ್ಸ್ ಕಾಯಿಲ್ ಓಡಾಡುವ ಸಂದು ಬಲು ಕಿರಿದು. ತಟ್ಟೆಯಿಂದ ಎದ್ದ ತುಕ್ಕಿನ ಪುಡಿ ಅಲ್ಲಿಗೆ ಬಿದ್ದರೆ ಕಾಯಿಲ್ ಉಜ್ಜತೊಡಗುತ್ತದೆ. ಆ ಕರಕರ ಬಹುಪಾಲು ಇದೇ. ಹಗುರವೆಂದು ಹೊಗಳಿಸಿಕೊಳ್ಳುವ ನಿಯೋಡಿಮಿಯಂ ಮ್ಯಾಗ್ನೆಟ್ ಇನ್ನೂ ನಾಜೂಕು, ಮೇಲಿನ ನಿಕಲ್ ಲೇಪ ಬಿರುಕು ಬಿಟ್ಟರೆ ಮ್ಯಾಗ್ನೆಟ್ಟೇ ಪುಡಿಯಾಗುತ್ತದೆ. ಆದ್ದರಿಂದ ಮ್ಯಾಗ್ನೆಟ್ಟಿಗೆ ರಬ್ಬರ್ ಕವಚವಿದೆಯೇ ಎಂದು ಬೆರಳಾಡಿಸಿ ನೋಡಿ. ತಂತಿಯ ತುದಿ ಸುಲಿದು ನೋಡಿ: ಒಳಗಿನ ಎಳೆಗಳು ಬೆಳ್ಳಗಿದ್ದರೆ ಕಲಾಯಿ ಹಾಕಿದ ತಾಮ್ರ, ಒಳ್ಳೆಯದು. ಕೆಂಪಗಿದ್ದರೆ ಬರಿಯ ತಾಮ್ರ. ಹಿನ್ನೀರಿನ ಗಾಳಿಗೆ ಕಿಲುಬು ಹಿಡಿದು, ಹೊರಗಿನ ಪ್ಲಾಸ್ಟಿಕ್ ಹೊಸದರಂತೆಯೇ ಕಾಣುತ್ತಿರುವಾಗ ಒಳಗೆ ಹಸಿರಾಗಿರುತ್ತದೆ.

ಕಾಗದದ ಕೋನ್ ಮನೆಯ ಕೋಣೆಯಲ್ಲಿ ನನಗೆ ಪ್ರಿಯ. ಹಳೆಯ ಕಾಗದದ ಸ್ಪೀಕರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ದನಿ ಕೇಳಿದವರಿಗೆ ಅದೇಕೆಂದು ಗೊತ್ತು. ದೋಣಿಯಲ್ಲಿ ಅದು ತೇವ ಕುಡಿದು ಮೆತ್ತಗಾಗುತ್ತದೆ. ಅಲ್ಲಿ ಪಾಲಿಪ್ರೊಪಿಲೀನ್ ಕೋನ್, ಸುತ್ತಲೂ ರಬ್ಬರ್ ಅಂಚು. ಫೋಮ್ ಅಂಚು ಬಿಸಿಲಿಗೆ ಹಪ್ಪಳದಂತೆ ಮುರಿಯುತ್ತದೆ. ಗ್ರಿಲ್ ಪ್ಲಾಸ್ಟಿಕ್ ಆದರೆ ಎಎಸ್‌ಎ ಇರಲಿ, ಎಬಿಎಸ್ ಬೇಗ ಹಳದಿಗಟ್ಟುತ್ತದೆ.

ತಿರುಪುಗಳ ವಿಷಯಕ್ಕೆ ಬಂದರೆ ನಮ್ಮಲ್ಲಿ ಒಂದು ನಂಬಿಕೆಯಿದೆ: ಮ್ಯಾಗ್ನೆಟ್ ಅಂಟದಿದ್ದರೆ ಒಳ್ಳೆಯ ಸ್ಟೀಲ್. ಕಡಲ ಬದಿಯಲ್ಲಿ ಈ ಪರೀಕ್ಷೆ ಪ್ರಯೋಜನಕ್ಕಿಲ್ಲ. 304 ಮತ್ತು 316 ಎರಡಕ್ಕೂ ಮ್ಯಾಗ್ನೆಟ್ ಹೆಚ್ಚುಕಡಿಮೆ ಅಂಟುವುದಿಲ್ಲ. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಅದು ಉಪ್ಪನ್ನು ತಡೆಯುತ್ತದೆ. 304ರ ತಲೆಯ ಮೇಲೆ ಚಹಾದ ಕಲೆಯಂಥ ಕಂದು ಮೂಡುತ್ತದೆ. ಬಿಲ್ಲಿನಲ್ಲಿ 316 ಎಂದು ಬರೆಸಿಕೊಳ್ಳುವುದೊಂದೇ ದಾರಿ.

ಇನ್ನು ವ್ಯಾಟ್ ಗೀಳು. ತೆರೆದ ನೀರಿನ ಮೇಲೆ ದನಿಯನ್ನು ಹಿಂದಿರುಗಿಸುವ ಗೋಡೆ, ಚಾವಣಿ ಇಲ್ಲ. ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಇಳಿಯುತ್ತದೆ, ಅದನ್ನು ತುಂಬಲು ನಾಲ್ಕು ಪಟ್ಟು ವ್ಯಾಟ್ ಬೇಕು. ಎಂದರೆ ನಾಲ್ಕು ಮೀಟರ್ ಆಚೆಯ 200 ವ್ಯಾಟ್‌ಗೆ ಎರಡು ಮೀಟರ್ ಹತ್ತಿರದ 50 ವ್ಯಾಟ್ ಸಮ. ಎಂಜಿನ್ ಸದ್ದನ್ನು ಮೀರಿಸಲು ಎರಡು ದೊಡ್ಡ ಸ್ಪೀಕರುಗಳನ್ನು ಮುಂದೆ ಕೂರಿಸಿ ಚಾಲಕನ ಕಿವಿ ಕೆಡಿಸುವ ಬದಲು ಆರೂವರೆ ಇಂಚಿನ ನಾಲ್ಕನ್ನು ಕೂತವರ ಹತ್ತಿರ ಹಂಚಿದರೆ ಬ್ಯಾಟರಿಯೂ ಉಳಿಯುತ್ತದೆ, ಮಾತೂ ಕೇಳಿಸುತ್ತದೆ. ಪೆಟ್ಟಿಗೆಯ ಮೇಲಿನ ‘ಪೀಕ್’ ವ್ಯಾಟ್ ನಂಬಬೇಡಿ, ಆರ್‌ಎಂಎಸ್ ನೋಡಿ. ಅದಕ್ಕಿಂತ ಸೆನ್ಸಿಟಿವಿಟಿ ನೋಡಿ. 88 ಡೆಸಿಬೆಲ್‌ನದಕ್ಕೆ ಬೇಕಾದ ಶಕ್ತಿಯ ಅರ್ಧದಲ್ಲೇ 91ರದು ಅಷ್ಟೇ ಜೋರಾಗಿ ಹಾಡುತ್ತದೆ.

ಕೂರಿಸುವಾಗ ಒಂದು ಎಚ್ಚರ. ಚಾಲಕನ ಮುಂದೆ ದಿಕ್ಸೂಚಿ ಇದ್ದರೆ, ಮೊದಲು ಸ್ಪೀಕರನ್ನು ಕೈಯಲ್ಲಿ ಹಿಡಿದು ಅದರ ಸುತ್ತ ಆಡಿಸಿ. ಮುಳ್ಳು ಅಲುಗುವಷ್ಟು ಹತ್ತಿರ ತೂತು ಕೊರೆಯಬೇಡಿ. ಅಳಿವೆ ದಾಟಿ ಕಡಲಿಗೆ ಹೋಗುವವರಿಗೆ ಇದು ಸಂಗೀತಕ್ಕಿಂತ ಮುಖ್ಯ.

ಬ್ರ್ಯಾಂಡ್ ಯಾವುದು ಎಂದು ಕೇಳುವವರಿದ್ದಾರೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಫ್ಯೂಷನ್, ಫ್ಲಾರಿಡಾದ ಜೆಎಲ್ ಆಡಿಯೊ ಈ ಕಸುಬಿನಲ್ಲಿ ಹೆಸರು ಮಾಡಿದವು. 2014ರಲ್ಲಿ ಮೊದಲನೆಯದನ್ನು, 2023ರಲ್ಲಿ ಎರಡನೆಯದನ್ನು ಗಾರ್ಮಿನ್ ಕೊಂಡುಕೊಂಡಿತು. ಬೆಲೆ ಜೇಬಿಗೆ ಭಾರ. ಅಷ್ಟು ಸುರಿಯಲಾಗದವರು ಕಾರಿನ ಸ್ಪೀಕರ್ ಹಾಕಿಸಿ ವರ್ಷ ವರ್ಷ ಬದಲಿಸುವುದಕ್ಕಿಂತ, ಹೆಸರಿಲ್ಲದಿದ್ದರೂ ಮೇಲೆ ಹೇಳಿದ ಗುಣಗಳಿರುವ ಎರಡನ್ನು ಮಾತ್ರ ಕೊಳ್ಳಲಿ.

ಅಂಗಡಿಯಲ್ಲಿ ಹಾಡು ಹಾಕಿ ತೋರಿಸುತ್ತಾರೆ, ಕೇಳಿ. ಆಮೇಲೆ ಸ್ಪೀಕರನ್ನು ಮಗುಚಿ ಬೆನ್ನು ತೋರಿಸಿ ಎನ್ನಿ. ತೋರಿಸಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಕೊಳ್ಳಬೇಡಿ.