ಮರಿಯ ಪಾದದ ಲೆಕ್ಕ

ಮಂಗಗಳನ್ನು ನೋಡುವ ಅಭ್ಯಾಸ ಇರುವವರಿಗೆ ಈ ವಾರ ಒಂದೇ ಕೋರಿಕೆ: ಮುಖ ಬಿಟ್ಟು ಪಾದ ನೋಡಿ. ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿಯ ಪಾದ ಅದರ ಮೈಗೆ ಹೋಲಿಸಿದರೆ ಬಲು ದೊಡ್ಡದು. ತಾಯಿ ಕೊಂಬೆಯಿಂದ ಕೊಂಬೆಗೆ ಹಾರುವಾಗ ಮರಿ ಕೈಯಿಂದಲೂ ಕಾಲಿನಿಂದಲೂ ಅವಳ ರೋಮ ಹಿಡಿದಿರಬೇಕು. ಹುಟ್ಟಿದ ದಿನವೇ ಬೇಕಾದ ಅಂಗ ಮೊದಲೇ ಬೆಳೆದಿರುತ್ತದೆ. ಉಳಿದ ಮೈ ಆಮೇಲೆ ಅದನ್ನು ಹಿಂದೆ ಹಾಕುತ್ತದೆ. ಅಂಗಗಳು ಹೀಗೆ ಬೇರೆ ಬೇರೆ ವೇಗದಲ್ಲಿ ಬೆಳೆಯುವುದಕ್ಕೆ ಜೀವವಿಜ್ಞಾನಿಗಳಾದ ಜೂಲಿಯನ್ ಹಕ್ಸ್‌ಲಿ ಮತ್ತು ಜಾರ್ಜ್ ಟೆಸಿಯೆ 1936ರಲ್ಲಿ ‘ಅಲೊಮೆಟ್ರಿ’ ಎಂದು ಹೆಸರಿಟ್ಟರು.

ಪಾದದ ಒಳಗೂ ಇದೇ ಕಥೆ. ನಮ್ಮಂತೆಯೇ ಮಂಗಕ್ಕೂ ಹಿಂಪಾದದಲ್ಲಿ 7, ನಡುಪಾದದಲ್ಲಿ 5, ಬೆರಳುಗಳಲ್ಲಿ 14 ಮೂಳೆಗಳು. ಇವೆಲ್ಲ ಸೇರಿ ಕಲ್ಲು ಮೀಟುವ ಹಾರೆಯಂತೆ ಕೆಲಸ ಮಾಡುತ್ತವೆ. ಮೀನಖಂಡದ ಸ್ನಾಯು ಹಿಮ್ಮಡಿಯನ್ನು ಎಳೆಯುತ್ತದೆ, ಪಾದದ ಮುಂಭಾಗ ನೆಲವನ್ನೋ ಕೊಂಬೆಯನ್ನೋ ಒತ್ತುತ್ತದೆ. ಹಿಮ್ಮಡಿಯ ಪಾಲು ಉದ್ದವಿದ್ದಷ್ಟೂ ಬಲ, ಅಂದರೆ ಮೀಟುವ ಅನುಕೂಲ ಹೆಚ್ಚು. ಮುಂಭಾಗ ಉದ್ದವಿದ್ದಷ್ಟೂ ವೇಗ.

ದಕ್ಷಿಣ ಅಮೆರಿಕದ ಎರಡು ಜಾತಿಯ ಕಪುಚಿನ್ ಕೋತಿಗಳ ಮೂಳೆಗಳನ್ನು ಅಳೆದ ಸಂಶೋಧಕ ಜೆಸ್ಸಿ ಯಂಗ್, ಮರಿಗಳ ಕೈಕಾಲಿನ ಸ್ನಾಯುಗಳಿಗೆ ಈ ಮೀಟುವ ಅನುಕೂಲ ದೊಡ್ಡವಕ್ಕಿಂತ ಹೆಚ್ಚೆಂದು 2005ರಲ್ಲಿ ತೋರಿಸಿದರು. ಸ್ನಾಯು ಇನ್ನೂ ಎಳೆಯದು. ಆ ಕೊರತೆಯನ್ನು ಮೂಳೆಯ ಅಳತೆ ತುಂಬಿಕೊಡುತ್ತದೆ. ಬೆಳೆದಂತೆ ಸ್ನಾಯು ಬಲಿಯುತ್ತದೆ, ಆ ಅನುಕೂಲ ಕಡಿಮೆಯಾಗುತ್ತದೆ.

ಇಲ್ಲಿ ಎಚ್ಚರ ಬೇಕು. ಮರಿ ದೊಡ್ಡದಾಗುವುದು ಬೇರೆ, ಒಂದು ಜಾತಿ ಇನ್ನೊಂದಕ್ಕಿಂತ ದೊಡ್ಡದಾಗಿರುವುದು ಬೇರೆ. ಆಕಾರ ಬದಲಾಗದೆ ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ಬಲ ಕೊಡುವ ಸ್ನಾಯುವಿನ ಅಡ್ಡಕೊಯ್ತ ಮಾತ್ರ ನಾಲ್ಕೇ ಪಟ್ಟು. ಹಾಗಾಗಿ ಭಾರಿ ಜಾತಿಗಳಿಗೆ ಮೀಟುವ ಅನುಕೂಲ ಹೆಚ್ಚು ಬೇಕು, ಕಡಿಮೆಯಲ್ಲ. ಅದರ ಮೇಲೆ ಬದುಕಿನ ರೀತಿಯೂ ಸೇರುತ್ತದೆ: ಇಥಿಯೋಪಿಯಾದ ಎತ್ತರದ ಹುಲ್ಲುಗಾವಲಲ್ಲಿ ನೆಲದ ಮೇಲೇ ಬಾಳುವ ಗೆಲಾಡ ಕೋತಿಯ ಕಾಲ್ಬೆರಳುಗಳು ಗಿಡ್ಡ. ಜಾತಿಗಳ ನಡುವಿನ ಲೆಕ್ಕದಿಂದ ಮರಿಯ ಬೆಳವಣಿಗೆಯನ್ನು ಊಹಿಸಿದರೆ ಉತ್ತರ ತಲೆಕೆಳಗಾಗುತ್ತದೆ.

ನಮ್ಮ ಬೆಟ್ಟದ ದೇವಸ್ಥಾನಗಳ ಮಂಗಗಳಲ್ಲಿ ಮರಿಯ ಈ ಬೆಳವಣಿಗೆಯನ್ನು ನೋಡಲು ಉಪಕರಣ ಬೇಡ. ಒಂದೇ ಗುಂಪಿನ ಹಾಲುಮರಿ, ಆಟವಾಡುವ ಪ್ರಾಯದ್ದು, ತಾಯಿ, ಈ ಮೂರರ ಪಾದವನ್ನು ಅದರದರ ಮೊಣಕಾಲ ಕೆಳಗಿನ ಉದ್ದಕ್ಕೆ ಹೋಲಿಸಿ. ತಿನಿಸು ಮಾತ್ರ ಕೊಡಬೇಡಿ. ದೂರದಿಂದ ನೋಡಿದರೆ ಸಾಕು. ಮರಿಯ ಪಾದ ಅರ್ಧಂಬರ್ಧ ಬೆಳೆದದ್ದಲ್ಲ. ಆ ವಯಸ್ಸಿನ ಅಪಾಯಕ್ಕೆ ತಕ್ಕಂತೆ ಪೂರ್ತಿಯಾಗಿ ತಯಾರಾದದ್ದು. ದೊಡ್ಡದಾಗುವ ಮೊದಲು ಅದು ಬದುಕಿ ಉಳಿಯಬೇಕಲ್ಲ.