ದೇವರ ಪಟದಲ್ಲಿ ನೆರಳು: ಕ್ರೀಟ್, ಮೈಸೂರು, ರವಿವರ್ಮ

ಮೈಸೂರು ಚಿತ್ರಕಲೆ ಅಂದ ಕೂಡಲೇ ನಾವು ‘ಮಿಶ್ರ ಶೈಲಿ’ ಅಂದುಬಿಡುತ್ತೇವೆ. ಪರಂಪರೆ ಇತ್ತು, ಪಾಶ್ಚಾತ್ಯ ಪ್ರಭಾವ ಬಂತು, ಎರಡೂ ಬೆರೆತವು, ಮುಗೀತು. ಪ್ರಭಾವ ಚಿತ್ರದ ಯಾವ ಭಾಗಕ್ಕೆ ಬಂತು, ಯಾವ ಭಾಗದ ಹತ್ತಿರ ಸುಳಿಯಲಿಲ್ಲ ಅಂತ ಕೇಳುವುದು ಕಡಿಮೆ. ನನ್ನ ತಕರಾರು ಇರೋದು ಅಲ್ಲೇ.

ಹೋಲಿಕೆಗೆ ಕ್ರೀಟ್ ದ್ವೀಪವನ್ನು ತೆಗೆದುಕೊಂಡಿದ್ದೇನೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೆ ಐಕನ್‌ಗಳಿಗೆ, ಅಂದರೆ ಆರ್ಥೊಡಾಕ್ಸ್ ಕ್ರೈಸ್ತರ ಪೂಜೆಯ ಪಟಗಳಿಗೆ, ಈ ದ್ವೀಪ ದೊಡ್ಡ ಕೇಂದ್ರವಾಯಿತು. ಆಳುತ್ತಿದ್ದವರು ಮಾತ್ರ ಕ್ಯಾಥೊಲಿಕರಾದ ವೆನಿಸ್ಸಿನವರು. 1499ರ ಒಂದು ಕರಾರುಪತ್ರ ಉಳಿದಿದೆ. ವ್ಯಾಪಾರಿಗಳು ಮೂವರು ಚಿತ್ರಕಾರರಿಗೆ ಮೇರಿ ಮಾತೆಯ 700 ಪಟಗಳನ್ನು ಬರೆದುಕೊಡಲು ಹೇಳುತ್ತಾರೆ: 500 ಲ್ಯಾಟಿನ್ ರೀತಿಯವು, 200 ಗ್ರೀಕ್ ರೀತಿಯವು. ಬೆರಕೆಯ ಮಾತೇ ಇಲ್ಲ ನೋಡಿ. ಯಾವ ರೀತಿಯ ಮುಖಕ್ಕೆ ಯಾರು ಕೈಮುಗಿಯುತ್ತಾರೆ ಅನ್ನೋದು ಮಾರುವವರಿಗೂ ಬರೆಯುವವರಿಗೂ ಗೊತ್ತಿತ್ತು.

ಈಗ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ದೇವತೆಗಳ ಧ್ಯಾನಶ್ಲೋಕಗಳೂ ಚಿತ್ರಗಳೂ ಇವೆ. ಎಷ್ಟು ಕೈ, ಯಾವ ಆಯುಧ, ಯಾವ ಮೈಬಣ್ಣ, ಇವನ್ನೆಲ್ಲ ಶ್ಲೋಕ ಹೇಳುತ್ತದೆ. ದೇವರ ಹಿಂದೆ ಯಾವ ಪರದೆ ಇಳಿಬಿಡಬೇಕು ಅಂತ ಹೇಳುವುದಿಲ್ಲ. ಹತ್ತೊಂಬತ್ತನೇ ಶತಮಾನದ ಮೈಸೂರು ಪಟಗಳಲ್ಲಿ ಯೂರೋಪು ನುಸುಳಿದ್ದು ಶ್ಲೋಕ ಸುಮ್ಮನಿದ್ದ ಈ ಜಾಗಗಳಲ್ಲೇ: ಎತ್ತಿ ಕಟ್ಟಿದ ಪರದೆ, ಕಂಬ, ಕಮಾನು, ವಿಲಾಯತಿ ಕುರ್ಚಿ. ನಡುವೆ ಕೂತ ದೇವರು ಮಾತ್ರ ಮೊದಲಿನ ಹಾಗೇ ನೇರ ನಮ್ಮನ್ನೇ ನೋಡುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದು ಹೊಳೆಯಬೇಕಿತ್ತು. ಪಠ್ಯದ ಮೌನ ಎಲ್ಲಿದೆ ಅಂತ ಹುಡುಕೋದೇ ನಮ್ಮ ಕಸುಬು ಅಲ್ವಾ?

ಇನ್ನೊಂದು, ಚಿನ್ನದ ವಿಷಯ. ಮೈಸೂರಿನಲ್ಲಿ ಮಕ್ಕಿ ಸಫೇದದಿಂದ ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಐಕನ್‌ನಲ್ಲೂ ಸುಣ್ಣದಂಥ ಬಿಳಿ ಲೇಪದ ಮೇಲೆ ಚಿನ್ನದ ರೇಕು. ಎರಡೂ ಕಡೆ ಬೆಳಕು ಚಿತ್ರದೊಳಗಿಂದ ಬರುವುದಿಲ್ಲ. ನೀವು ಹಚ್ಚಿದ ದೀಪ ಅಲ್ಲಿ ಹೊಳೆಯುತ್ತದೆ. ಎಣ್ಣೆಬಣ್ಣ ಬಂದಾಗ ಬೆಳಕು ಚಿತ್ರದೊಳಗೇ ಒಂದು ಬದಿಯಿಂದ ಬೀಳತೊಡಗಿತು. ಅಂದ ಮೇಲೆ ದೇವರ ಕೆನ್ನೆಯ ಮೇಲೆ ನೆರಳೂ ಬಿತ್ತು. ಗ್ರೀಕರಲ್ಲಿ ಈ ಹೆಜ್ಜೆ ಇಟ್ಟ ಪನಾಯೊಟಿಸ್ ಡೊಕ್ಸರಾಸ್ ಲಿಯೊನಾರ್ಡೊನ ಚಿತ್ರಕಲೆಯ ಗ್ರಂಥವನ್ನೇ ಗ್ರೀಕ್‌ಗೆ ತಂದವನು. ನಮ್ಮಲ್ಲಿ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಪ್ರೆಸ್ಸಿನಿಂದ ಆ ನೆರಳು ಬಿದ್ದ ಮುಖ ಮನೆಮನೆಯ ದೇವರ ಗೂಡಿಗೆ ಹೋಯಿತು.

ಹೋದ ಮೇಲೆ ಏನಾಯಿತು ಅನ್ನೋದೇ ನನಗೆ ಮುಖ್ಯ. ಕೊಂಡವರು ಆ ಅಚ್ಚಿನ ಲಕ್ಷ್ಮಿಗೆ ಜರಿ ಹೊಲಿದರು, ಮಣಿ, ಚಮಕಿ ಅಂಟಿಸಿ ಸೀರೆ ಉಡಿಸಿದರು. ಕಲಾವಿದ ತೆಗೆದ ಚಿನ್ನವನ್ನು ಭಕ್ತರು ವಾಪಸು ತಂದರು! ಆರ್ಥೊಡಾಕ್ಸ್ ಐಕನ್‌ಗಳಿಗೂ ಮುಖ, ಕೈ ಬಿಟ್ಟು ಬೆಳ್ಳಿಯ ಕವಚ ತೊಡಿಸುವ ರೂಢಿಯಿದೆ. ಇದನ್ನು ಅಭಿರುಚಿಯ ಕೊರತೆ ಅಂತ ತಳ್ಳಿಹಾಕುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಚಿತ್ರಕ್ಕೆ ಚಿತ್ರದಲ್ಲೇ ಕೊಟ್ಟ ಉತ್ತರ ಅದು.

ನಮ್ಮ ಧಾರಾಪುರಂ ಕಡೆಯ ಕನ್ನಡ ಮಾತಾಡುವ ದೇವಾಂಗ ಮನೆಗಳಲ್ಲಿ ಗೋಡೆ ಮೇಲಿನ ಚೌಡೇಶ್ವರಿ ರವಿವರ್ಮನ ವಂಶದವಳೇ: ಗುಂಡು ಮುಖ, ಕೆನ್ನೆಗೆ ನೆರಳು. ಹಬ್ಬದಲ್ಲಿ ಅಮ್ಮನನ್ನು ಕರೆಯೋದು ಮಾತ್ರ ಕತ್ತಿಗೆ, ಕಲಶಕ್ಕೆ. ಅವಕ್ಕೆ ಮುಖವೇ ಇಲ್ಲ. ಎರಡೂ ಒಂದೇ ಮನೆಯಲ್ಲಿವೆ, ಒಂದರ ಕೆಲಸ ಇನ್ನೊಂದು ಮಾಡಲ್ಲ. ನಮ್ಮ ಮಾತೂ ಹೀಗೇ. ಅಂಗಡಿಯಲ್ಲಿ ತಮಿಳು, ಅಮ್ಮನ ಮುಂದೆ ಕನ್ನಡ. ಅದನ್ನು ಕೇಳಿದವರು ‘ಬೆರಕೆ ಕನ್ನಡ’ ಅಂತಾರೆ. ಎಲ್ಲಿ ಯಾವುದು ಅನ್ನೋ ಲೆಕ್ಕ ನಮ್ಮ ಅಜ್ಜಿಯರಿಗೆ ಒಂದು ದಿನವೂ ತಪ್ಪಿದ್ದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.